ದಾವಣಗೆರೆ, ಚಿತ್ರದುರ್ಗದಲ್ಲಿ ಆಸ್ತಿಯ ನಿಜವಾದ ಮಾರಾಟ ಬೆಲೆ ತಿಳಿಯುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹದಡಿ ರಸ್ತೆಯ ಕಡೆ ನಿವೇಶನ ಕೊಳ್ಳಲು ಹೊರಟವರು, ಹೊಳಲ್ಕೆರೆ ತಾಲ್ಲೂಕಿನ ಅಡಿಕೆ ತೋಟವನ್ನು ಪಾಲು ಮಾಡಿಕೊಳ್ಳಲು ಕುಳಿತ ಅಣ್ಣತಮ್ಮಂದಿರು, ಹೆದ್ದಾರಿಗೋ ರೈಲು ಮಾರ್ಗಕ್ಕೋ ಜಮೀನು ಬಿಟ್ಟುಕೊಡಬೇಕಾದ ರೈತರು, ಇವರೆಲ್ಲರೂ ಕೊನೆಗೆ ಕೇಳುವುದು ಒಂದೇ ಮಾತನ್ನು: "ಇಲ್ಲಿ ನಿಜವಾಗಿ ಎಷ್ಟಕ್ಕೆ ಮಾರಾಟವಾಗುತ್ತಿದೆ?" ಹಲವು ವರ್ಷಗಳಿಂದ ನೆಂಟರು, ನೆರೆಹೊರೆಯವರು ಮತ್ತು ಪರಿಚಯದ ರೈತರು ತಂದು ತೋರಿಸಿದ ಪತ್ರಗಳನ್ನು ಓದಿ ಹೇಳುತ್ತ ಬಂದಿದ್ದೇನೆ. ಆ ಸಂದರ್ಭಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ನನಗೆ ಸಂಬಂಧವಿಲ್ಲದ ಆಸ್ತಿಯ ಮಾರಾಟ ಬೆಲೆಯನ್ನು ಕೇಳಲು ನನಗೆ ಹಕ್ಕಿದೆಯೇ?

ಇದೆ, ಮತ್ತು ಅದು ಹೊಸ ಹಕ್ಕೇನೂ ಅಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಉಪನೋಂದಣಾಧಿಕಾರಿ ಕಚೇರಿಯ 1ನೇ ಪುಸ್ತಕವನ್ನೂ ಅದರ ಸೂಚಿಗಳನ್ನೂ ನಿಗದಿತ ಶುಲ್ಕ ಕಟ್ಟಿ ಅರ್ಜಿ ಕೊಟ್ಟ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ನಮೂದಾದ ಪತ್ರದ ನಕಲನ್ನೂ ಯಾರು ಬೇಕಾದರೂ ಪಡೆಯಬಹುದು. ಸ್ಥಿರಾಸ್ತಿಗೆ ಸಂಬಂಧಿಸಿದ ಕ್ರಯಪತ್ರ, ಅಡಮಾನ ಪತ್ರ, ದಾನಪತ್ರ, ವಿಭಾಗ ಪತ್ರಗಳೆಲ್ಲ ದಾಖಲಾಗುವುದು ಈ 1ನೇ ಪುಸ್ತಕದಲ್ಲಿಯೇ. ಮರಣಶಾಸನಗಳಿರುವ 3ನೇ ಪುಸ್ತಕದ ನಕಲು ಮಾತ್ರ ಬರೆದವರು ಬದುಕಿರುವವರೆಗೆ ಅವರಿಗೇ ಮೀಸಲು, ಅವರ ಮರಣದ ನಂತರ ಯಾರು ಬೇಕಾದರೂ ಕೇಳಬಹುದು; ಸ್ಥಿರಾಸ್ತಿಯ ಸಂಬಂಧವಿಲ್ಲದ ಇತರ ಪತ್ರಗಳಿರುವ 4ನೇ ಪುಸ್ತಕದ ನಕಲು ಆ ಪತ್ರ ಬರೆದುಕೊಟ್ಟವರಿಗೂ ಅದರಡಿ ಹಕ್ಕು ಪಡೆಯುವವರಿಗೂ ಮೀಸಲು.

ಕಾಯ್ದೆ ಹೀಗಿರುವುದಕ್ಕೆ ಕಾರಣವಿದೆ. ನೋಂದಣಿಯ ಮೂಲ ಉದ್ದೇಶವೇ ಊರಿಗೆ ತಿಳಿಸುವುದು. ಈ ಜಮೀನು ಇಂಥವರಿಂದ ಇಂಥವರಿಗೆ, ಇಷ್ಟು ಪ್ರತಿಫಲಕ್ಕೆ ಹೋಯಿತು ಎಂದು ಸರ್ಕಾರದ ಪುಸ್ತಕದಲ್ಲಿ ಬರೆಸಿದ ಮೇಲೆ, ಅದೇ ಜಮೀನನ್ನು ಎರಡನೆಯವನಿಗೆ ಮಾರಿ ಮೋಸ ಮಾಡುವುದು ಕಷ್ಟವಾಗುತ್ತದೆ. ಬೆಲೆಯೂ ಆ ಬರಹದ ಭಾಗವೇ. ಆದ್ದರಿಂದ "ಅದು ಅವರ ಸ್ವಂತ ವಿಷಯ, ನಿಮಗೇಕೆ" ಎಂದು ಯಾರಾದರೂ ಗದರಿಸಿದರೆ ಹಿಂಜರಿಯಬೇಕಾಗಿಲ್ಲ.

ಹಕ್ಕಿದ್ದರೂ ಮಾಹಿತಿ ಕೈಗೆ ಸಿಗುವುದಿಲ್ಲವೇಕೆ?

ಬಾಗಿಲು ತೆರೆದಿದೆ, ಆದರೆ ಒಂದು ಸಲಕ್ಕೆ ಒಂದೇ ಆಸ್ತಿಯನ್ನು ನೋಡುವಷ್ಟು ಮಾತ್ರ. ನಿಮಗೆ ಗ್ರಾಮ, ಸರ್ವೆ ನಂಬರ್ ಅಥವಾ ನಿವೇಶನದ ಸಂಖ್ಯೆ ಮೊದಲೇ ಗೊತ್ತಿದ್ದರೆ ಅದರ ವಹಿವಾಟುಗಳನ್ನು ಪಡೆಯಬಹುದು. "ಕಳೆದ ವರ್ಷ ಶಾಮನೂರಿನಲ್ಲಿ ಮಾರಾಟವಾದ ಎಲ್ಲ ನಿವೇಶನಗಳ ಅಳತೆ ಮತ್ತು ಬೆಲೆಯನ್ನು ಪಟ್ಟಿ ಮಾಡಿ ಕೊಡಿ" ಎಂದು ಕೇಳಿದರೆ ಅದಕ್ಕೆ ಸಾರ್ವಜನಿಕರಿಗೆಂದು ರೂಪಿಸಿದ ಯಾವ ವ್ಯವಸ್ಥೆಯೂ ಇಲ್ಲ.

ನಮ್ಮ ಭಾಗದವರಿಗೆ ಇದರ ಕೊರತೆ ಅರ್ಥವಾಗಬೇಕಾದರೆ ಮಾರುಕಟ್ಟೆಯನ್ನು ನೆನೆಯಬೇಕು. ಚನ್ನಗಿರಿಯಲ್ಲಿ ಇಂದು ರಾಶಿ ಅಡಿಕೆ ಕ್ವಿಂಟಲಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಸರಾಸರಿ ಎಷ್ಟು ಎಂಬುದು ಸಂಜೆಯೊಳಗೆ ಪ್ರತಿಯೊಬ್ಬ ಬೆಳೆಗಾರನ ಮೊಬೈಲಿಗೆ ಬರುತ್ತದೆ. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಧಾರಣೆಯೂ ಹಾಗೆಯೇ. ಎರಡು ಚೀಲ ಅಡಿಕೆ ಮಾರುವವನಿಗೆ ಅಷ್ಟು ಮಾಹಿತಿ ಇದೆ. ಆ ಅಡಿಕೆ ಬೆಳೆದ ತೋಟವನ್ನೇ ಮಾರುವ ದಿನ, ಅಂದರೆ ಆಯುಷ್ಯದಲ್ಲಿ ಒಮ್ಮೆ ಮಾಡುವ ವ್ಯಾಪಾರದ ದಿನ, ಅವನ ಬಳಿ ಇರುವುದು ದಲ್ಲಾಳಿ ಹೇಳಿದ ಮಾತು ಮಾತ್ರ. ಈ ವ್ಯತ್ಯಾಸ ನನಗೆ ನ್ಯಾಯವೆಂದು ಯಾವತ್ತೂ ಅನ್ನಿಸಿಲ್ಲ.

ಒಂದು ನಿರ್ದಿಷ್ಟ ಆಸ್ತಿಯ ಮಾರಾಟ ಬೆಲೆಯನ್ನು ತಿಳಿಯುವ ಕ್ರಮವೇನು?

ಋಣಭಾರ ಪ್ರಮಾಣಪತ್ರವನ್ನು, ಅಂದರೆ ಎಲ್ಲರೂ ಇಸಿ ಎಂದು ಕರೆಯುವ ಪತ್ರವನ್ನು ತೆಗೆಸಬೇಕು. ಸಾಲ ಇದೆಯೋ ಇಲ್ಲವೋ ನೋಡಲು ಮಾತ್ರ ಇಸಿ ಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಅದರಲ್ಲಿ ಪ್ರತಿ ವಹಿವಾಟಿನ ಮುಂದೆ ಪತ್ರದ ಸ್ವರೂಪ, ಬರೆದುಕೊಟ್ಟ ದಿನಾಂಕ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜಿನ ಸಂಖ್ಯೆ ಇವುಗಳ ಜೊತೆಗೆ ಎರಡು ಮೊತ್ತಗಳಿರುತ್ತವೆ: ಒಂದು ಮಾರುಕಟ್ಟೆ ಮೌಲ್ಯ, ಇನ್ನೊಂದು ಪ್ರತಿಫಲದ ಮೊತ್ತ. ಪ್ರತಿಫಲ ಎಂದರೆ ಕೊಂಡವರು ಕೊಟ್ಟೆವು ಎಂದು ಪತ್ರದಲ್ಲಿ ಒಪ್ಪಿಕೊಂಡ ಹಣ. ನಿಮಗೆ ಬೇಕಾದದ್ದು ಇದು. ಮಾರುಕಟ್ಟೆ ಮೌಲ್ಯ ಎಂಬ ಅಂಕಣದಲ್ಲಿರುವುದು ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಸರ್ಕಾರದ ದರದಂತೆ ಕಟ್ಟಿದ ಮೊತ್ತ. ಹೆಸರು ನೋಡಿ ಅದನ್ನೇ ಮಾರಾಟದ ಬೆಲೆ ಎಂದುಕೊಂಡು ಮೋಸ ಹೋಗಬೇಡಿ.

ರಾಜ್ಯದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆಯಿಂದ ಖಾತೆ ತೆರೆದು, ಜಿಲ್ಲೆ, ತಾಲ್ಲೂಕು, ಗ್ರಾಮ, ಸರ್ವೆ ನಂಬರ್ ಅಥವಾ ಆಸ್ತಿಯ ಸಂಖ್ಯೆ ಮತ್ತು ಅವಧಿಯನ್ನು ತುಂಬಿ, ಶುಲ್ಕ ಕಟ್ಟಿದರೆ ಡಿಜಿಟಲ್ ಸಹಿಯ ಇಸಿ ದೊರೆಯುತ್ತದೆ. ವಹಿವಾಟುಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಇಸಿಯಲ್ಲಿ ಸಿಕ್ಕ ದಸ್ತಾವೇಜು ಸಂಖ್ಯೆಯನ್ನು ಹಿಡಿದು ಕ್ರಯಪತ್ರದ ದೃಢೀಕೃತ ನಕಲಿಗೂ ಅರ್ಜಿ ಹಾಕಬಹುದು. ಹಣವನ್ನು ಚೆಕ್ಕಿನ ಮೂಲಕ ಕೊಟ್ಟರೇ, ಮುಂಗಡ ಎಷ್ಟು, ಕಟ್ಟಡ ಸೇರಿದೆಯೇ, ಬೋರ್‌ವೆಲ್ ಮತ್ತು ಮರಗಳು ಸೇರಿವೆಯೇ ಎಂಬುದು ನಕಲಿನಲ್ಲಿ ಮಾತ್ರ ತಿಳಿಯುತ್ತದೆ. ತೋಟದ ಬೆಲೆಯನ್ನು ಎಕರೆ ಲೆಕ್ಕದಲ್ಲಿ ಹೋಲಿಸುವವರು ನಕಲು ಓದದೆ ಹೋಲಿಸಬಾರದು. ಹತ್ತು ವರ್ಷದ ಅಡಿಕೆ ಮರಗಳಿರುವ ಎಕರೆಯೂ ಬೀಳು ಬಿದ್ದ ಎಕರೆಯೂ ಇಸಿಯಲ್ಲಿ ಒಂದೇ ರೀತಿ ಕಾಣುತ್ತವೆ.

ನೆರೆಯ ಜಮೀನಿನ ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಸರ್ಕಾರದ ದಿಶಾಂಕ್ ಆ್ಯಪ್ ಅನ್ನು ಆ ಜಾಗದಲ್ಲಿ ನಿಂತು ತೆರೆದರೆ ಅದು ತೋರಿಸುತ್ತದೆ. ನಿಮ್ಮ ಜಮೀನಿನ ಸುತ್ತಲಿನ ಐದಾರು ಸರ್ವೆ ನಂಬರ್‌ಗಳಿಗೆ ಕಳೆದ ಐದು ವರ್ಷದ ಇಸಿ ತೆಗೆಸಿದರೆ, ಒಂದೆರಡು ದಿನದ ಕೆಲಸ ಮತ್ತು ಅಲ್ಪ ಖರ್ಚಿನಲ್ಲಿ, ಯಾವ ದಲ್ಲಾಳಿಯ ಮಾತಿಗಿಂತಲೂ ಗಟ್ಟಿಯಾದ ಆಧಾರ ನಿಮ್ಮ ಕೈಯಲ್ಲಿರುತ್ತದೆ.

ಇಸಿಯಲ್ಲಿ ನನಗೆ ಗೊತ್ತಿರುವ ಮಾರಾಟವೇ ಕಾಣುತ್ತಿಲ್ಲ. ಏಕೆ?

ಮೊದಲ ಕಾರಣ ಹುಡುಕುವ ರೀತಿ. ಹಳೆಯ ಪತ್ರಗಳಲ್ಲಿ ಆಸ್ತಿಯನ್ನು ಗುರುತಿಸುತ್ತಿದ್ದುದು ಸಂಖ್ಯೆಯಿಂದಲ್ಲ, ಚಕ್ಕುಬಂದಿಯಿಂದ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಸರ್ಕಾರಿ ಹಳ್ಳ. ಮುಂದೆ ಖಾತೆ ಸಂಖ್ಯೆ ಬಂದಿತು, ಅದು ಹಲವು ಸಲ ಬದಲಾಯಿತು, ಸರ್ವೆ ನಂಬರ್‌ಗಳು ಪೋಡಿಯಾಗಿ ಒಡೆದವು. ಊರಿನ ಹೆಸರಿನ ಕಾಗುಣಿತ ಬದಲಾದರೂ ಗಣಕಯಂತ್ರಕ್ಕೆ ಅದು ಬೇರೆಯೇ ಊರು. ಆದ್ದರಿಂದ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಭೂಪರಿವರ್ತನೆಗೆ ಮುಂಚಿನ ಸರ್ವೆ ನಂಬರ್, ಹೀಗೆ ಬೇರೆ ಬೇರೆಯಾಗಿ ಹುಡುಕಿಸಬೇಕು.

ಎರಡನೆಯದು ಕಾಲ. ಆನ್‌ಲೈನಿನಲ್ಲಿ ಇಸಿ ದೊರೆಯುವುದು 2004ರ ಏಪ್ರಿಲ್ 1ರಿಂದ ಈಚಿನ ವಹಿವಾಟುಗಳಿಗೆ. ಅದಕ್ಕಿಂತ ಹಿಂದಿನವು ಕೈಬರಹದ ಸೂಚಿ ಪುಸ್ತಕಗಳಲ್ಲಿದ್ದು, ಅವನ್ನು ಕಚೇರಿಯಲ್ಲಿಯೇ ಅರ್ಜಿ ಕೊಟ್ಟು ಹುಡುಕಿಸಬೇಕು. ದಾವಣಗೆರೆಯವರು ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ನಮ್ಮ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮುಂಚಿನ ಪತ್ರಗಳಲ್ಲಿ ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳ ಆಸ್ತಿಗಳು ಚಿತ್ರದುರ್ಗ ಜಿಲ್ಲೆಯವು ಎಂದೂ, ಚನ್ನಗಿರಿ ಮತ್ತು ಹೊನ್ನಾಳಿಯವು ಶಿವಮೊಗ್ಗ ಜಿಲ್ಲೆಯವು ಎಂದೂ ಬರೆದಿರುತ್ತದೆ. ಅರ್ಜಿಯಲ್ಲಿ ಹಳೆಯ ಜಿಲ್ಲೆಯ ಹೆಸರನ್ನೂ ನಮೂದಿಸಿದರೆ ಹುಡುಕುವವರಿಗೆ ಅನುಕೂಲ.

ಮೂರನೆಯದು, ನೋಂದಣಿಯೇ ಆಗಿಲ್ಲದಿರುವುದು. ಛಾಪಾ ಕಾಗದದ ಮೇಲಿನ ಕರಾರು ಮತ್ತು ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಹಿಡಿದು ಕೈ ಬದಲಾದ ನಿವೇಶನಗಳು ನಮ್ಮ ಊರುಗಳ ಅಂಚಿನಲ್ಲಿ ಸಾಕಷ್ಟಿವೆ. ಹಾಗೆ ಮಾಡಿದರೆ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟಪಡಿಸಿದೆ. ಅಂಥ ವ್ಯವಹಾರದ ಬೆಲೆಯೂ ಯಾವ ದಾಖಲೆಯಲ್ಲಿಯೂ ಬರುವುದಿಲ್ಲ.

ಮಾರ್ಗಸೂಚಿ ದರವೇ ಮಾರಾಟದ ಬೆಲೆಯಲ್ಲವೇ?

ಅಲ್ಲ. ಮಾರ್ಗಸೂಚಿ ದರ ಎಂದರೆ ಒಂದು ರಸ್ತೆಯ, ಬಡಾವಣೆಯ ಅಥವಾ ಗ್ರಾಮದ ಆಸ್ತಿಗೆ ಸರ್ಕಾರ ಮೊದಲೇ ನಿಗದಿ ಮಾಡಿದ ದರ. ಅದಕ್ಕಿಂತ ಕಡಿಮೆ ಪ್ರತಿಫಲ ಬರೆದರೂ ಮುದ್ರಾಂಕ ಶುಲ್ಕದ ಲೆಕ್ಕ ಆ ದರದ ಮೇಲೆಯೇ ನಡೆಯುತ್ತದೆ. ಹೆಚ್ಚು ಬರೆದರೆ ಬರೆದ ಮೊತ್ತದ ಮೇಲೆ. ಕರ್ನಾಟಕ ಮುದ್ರಾಂಕ ಕಾಯ್ದೆ, 1957ರ 45ಬಿ ಕಲಂ ಅಡಿಯಲ್ಲಿರುವ ಕೇಂದ್ರ ಮೌಲ್ಯಮಾಪನ ಸಮಿತಿಯ ಮೇಲ್ವಿಚಾರಣೆಯಲ್ಲಿ ತಾಲ್ಲೂಕು ಮಟ್ಟದ ಉಪಸಮಿತಿಗಳು ಇದನ್ನು ಅಂದಾಜು ಮಾಡುತ್ತವೆ. ರಾಜ್ಯದಾದ್ಯಂತ ದೊಡ್ಡ ಪರಿಷ್ಕರಣೆ ಆದದ್ದು 2023ರ ಅಕ್ಟೋಬರ್ 1ರಿಂದ. ಕೃಷಿ ಜಮೀನಿಗೆ ಖುಷ್ಕಿ (ಮಳೆಯಾಶ್ರಿತ), ತರಿ (ನೀರಾವರಿ ಗದ್ದೆ), ಬಾಗಾಯ್ತು (ತೋಟ) ಎಂದು ಬೇರೆ ಬೇರೆ ದರವಿದ್ದು, ನಿವೇಶನಕ್ಕೆ ರಸ್ತೆಯ ಮೇಲೆ ದರ ಬದಲಾಗುತ್ತದೆ. ಕಾವೇರಿ ಜಾಲತಾಣದಲ್ಲಿ ಇದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ತೊಂದರೆ ಏನೆಂದರೆ ಇದು ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುವ ಲೆಕ್ಕ. ಸಮಿತಿಯು ದರ ನಿಗದಿ ಮಾಡುವಾಗ ನೋಡಬೇಕಾದ ಮುಖ್ಯ ಆಧಾರ ಆ ಭಾಗದಲ್ಲಿ ನೋಂದಣಿಯಾದ ಕ್ರಯಪತ್ರಗಳು. ಆ ಕ್ರಯಪತ್ರಗಳಲ್ಲಿ ಜನರು ಬರೆಸುವುದು ಹಿಂದಿನ ಮಾರ್ಗಸೂಚಿ ದರವನ್ನೇ. ಹೀಗಾಗಿ ಒಂದೇ ರಸ್ತೆಯ ಹತ್ತು ಪತ್ರಗಳನ್ನು ತೆಗೆದರೆ ಹತ್ತರಲ್ಲಿಯೂ ಚದರಡಿಗೆ ಒಂದೇ ದರ ಕಾಣುವುದುಂಟು. ನಿಜವಾದ ಬೆಲೆ ಮೂಲೆ ನಿವೇಶನಕ್ಕೆ ಒಂದು, ಹೈಟೆನ್ಷನ್ ತಂತಿಯ ಕೆಳಗಿನದಕ್ಕೆ ಒಂದು, ಅವಸರಕ್ಕೆ ಮಾರಿದವರದು ಇನ್ನೊಂದು ಆಗಿದ್ದೀತು. ಪತ್ರಗಳಲ್ಲಿ ಮಾತ್ರ ಎಲ್ಲವೂ ಸಮ.

ಪತ್ರದಲ್ಲಿ ಬೆಲೆ ಕಡಿಮೆ ಬರೆಸಿದರೆ ಕೊಳ್ಳುವವರಿಗೆ ಲಾಭವೇ ತಾನೇ?

ಎಲ್ಲರೂ ಹಾಗೆಯೇ ಹೇಳುತ್ತಾರೆ, ಪತ್ರ ಬರೆಯುವವರೂ ಮನೆಯ ಹಿರಿಯರೂ ಸೇರಿ. ಆದ್ದರಿಂದ ಇದನ್ನು ಅಂಕಿ ಇಟ್ಟೇ ನೋಡೋಣ. ಇದು ಕೇವಲ ಉದಾಹರಣೆ. ನಗರದ ಒಂದು 30×40 ಅಡಿಯ ನಿವೇಶನ, ಅಂದರೆ 1200 ಚದರಡಿ. ಮಾರ್ಗಸೂಚಿ ದರ ಚದರಡಿಗೆ 2000 ರೂಪಾಯಿ ಎಂದಿಟ್ಟುಕೊಂಡರೆ 24 ಲಕ್ಷ ರೂಪಾಯಿ. ಮಾತಾಗಿರುವ ಬೆಲೆ 42 ಲಕ್ಷ. ಮುದ್ರಾಂಕ ಶುಲ್ಕ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್ ಮತ್ತು ನಗರ ಪ್ರದೇಶದಲ್ಲಿ ಶೇ 2 ಸರ್‌ಚಾರ್ಜ್ ಸೇರಿ ಒಟ್ಟು ಶೇ 5.6. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. 24 ಲಕ್ಷ ಬರೆಸಿದರೆ ಎಲ್ಲ ಸೇರಿ 1,82,400 ರೂಪಾಯಿ; 42 ಲಕ್ಷ ಬರೆಸಿದರೆ 3,19,200 ರೂಪಾಯಿ. ಉಳಿತಾಯ 1,36,800 ರೂಪಾಯಿ.

ಈಗ ಇನ್ನೊಂದು ಬದಿ. ಕೆಲವು ವರ್ಷಗಳ ನಂತರ ಮಗಳ ಓದಿಗೋ ಮದುವೆಗೋ ನೀವು ಅದನ್ನು 60 ಲಕ್ಷಕ್ಕೆ ಮಾರಿದಿರಿ, ಕೊಳ್ಳುವವರು ಬ್ಯಾಂಕ್ ಸಾಲದವರಾದ್ದರಿಂದ ಪೂರ್ತಿ ಹಣವನ್ನು ಪತ್ರದಲ್ಲಿಯೇ ಬರೆಸುತ್ತಾರೆ. ನಿಮ್ಮ ಪತ್ರದ ಪ್ರಕಾರ ನೀವು ಕೊಂಡದ್ದು 24 ಲಕ್ಷಕ್ಕೆ. ಲಾಭ 36 ಲಕ್ಷ. ನಿಜವಾದ ಲಾಭ 18 ಲಕ್ಷ. ದೀರ್ಘಾವಧಿ ಬಂಡವಾಳ ಲಾಭದ ಮೇಲಿನ ಶೇ 12.5 ತೆರಿಗೆಯ ಲೆಕ್ಕದಲ್ಲಿ, ಇಲ್ಲದ 18 ಲಕ್ಷದ ಲಾಭಕ್ಕೆ ನೀವು ಕಟ್ಟುವುದು 2,25,000 ರೂಪಾಯಿ. ಅಂದು ಉಳಿಸಿದ್ದಕ್ಕಿಂತ ಇಂದು ಕಳೆದುಕೊಂಡದ್ದು ಹೆಚ್ಚು. ಅದೂ ಅಲ್ಲದೆ, ಕೊಳ್ಳುವಾಗ ನೀವು ಬ್ಯಾಂಕ್ ಸಾಲ ಕೇಳಿದ್ದರೆ ಬ್ಯಾಂಕ್ ನೋಡುತ್ತಿದ್ದುದು ಪತ್ರದ ಮೊತ್ತವನ್ನೇ, ಉಳಿದ 18 ಲಕ್ಷಕ್ಕೆ ಕೈಸಾಲ ಮಾಡಬೇಕಾಗುತ್ತಿತ್ತು. ವ್ಯವಹಾರ ಮುರಿದುಬಿದ್ದರೆ ಆ ಹಣ ಕೊಟ್ಟದ್ದಕ್ಕೆ ಸಾಕ್ಷಿಯೂ ಇರುವುದಿಲ್ಲ.

ಇವೆಲ್ಲಕ್ಕಿಂತ ಮಿಗಿಲಾಗಿ, ಹಾಗೆ ನಗದು ಕೊಡುವುದೇ ಕಾನೂನಿಗೆ ವಿರುದ್ಧ. ಸ್ಥಿರಾಸ್ತಿಯ ಮಾರಾಟಕ್ಕೆ ಸಂಬಂಧಿಸಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರ ಜೂನ್ 1ರಿಂದ ನಿಷೇಧಿಸಿದೆ. ಪಡೆದವರಿಗೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಇಷ್ಟೆಲ್ಲ ಅಪಾಯವನ್ನು ತಲೆಯ ಮೇಲೆ ಹೊತ್ತುಕೊಳ್ಳುವಂತೆ ಮಾಡುವುದು "ಎಲ್ಲರೂ ಹಾಗೇ ಮಾಡ್ತಾರೆ" ಎಂಬ ಒಂದು ಮಾತು.

ಭೂಸ್ವಾಧೀನದಲ್ಲಿ ಪರಿಹಾರಕ್ಕೂ ಈ ಬೆಲೆಗಳಿಗೂ ಏನು ಸಂಬಂಧ?

ನೇರ ಸಂಬಂಧ. ನಮ್ಮ ಎರಡೂ ಜಿಲ್ಲೆಗಳ ರೈತರು ಇದನ್ನು ಬೇರೆ ಯಾವ ಉತ್ತರಕ್ಕಿಂತಲೂ ನಿಧಾನವಾಗಿ ಓದಬೇಕು ಎಂದು ಕೇಳಿಕೊಳ್ಳುತ್ತೇನೆ. ರಾಷ್ಟ್ರೀಯ ಹೆದ್ದಾರಿ 48, ಸಿರಾ, ಹಿರಿಯೂರು ಮತ್ತು ಚಿತ್ರದುರ್ಗದ ಮೂಲಕ ಬರುವ ತುಮಕೂರು–ದಾವಣಗೆರೆ ರೈಲು ಮಾರ್ಗ, ಭದ್ರಾ ಮೇಲ್ದಂಡೆ ಕಾಲುವೆಗಳು, ಇವೆಲ್ಲ ನಮ್ಮ ಜಮೀನಿನ ಮೇಲೆಯೇ ಹಾದುಹೋಗುವಂಥವು.

2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಂ ಜಮೀನಿನ ಮಾರುಕಟ್ಟೆ ಮೌಲ್ಯವನ್ನು ನಿಗದಿ ಮಾಡುವ ಬಗೆಯನ್ನು ಹೇಳುತ್ತದೆ. ಒಂದು, ಮುದ್ರಾಂಕ ಶುಲ್ಕಕ್ಕಾಗಿ ನಿಗದಿಯಾದ ಮೌಲ್ಯ. ಎರಡು, ಹತ್ತಿರದ ಗ್ರಾಮದಲ್ಲಿ ಅಥವಾ ಆಸುಪಾಸಿನಲ್ಲಿ ಅದೇ ಬಗೆಯ ಜಮೀನುಗಳ ಸರಾಸರಿ ಮಾರಾಟ ಬೆಲೆ. ಮೂರು, ಒಪ್ಪಂದದ ಮೂಲಕ ಪಡೆಯುವ ಪ್ರಕರಣಗಳಲ್ಲಿ ಒಪ್ಪಿಕೊಂಡ ಮೊತ್ತ. ಇವುಗಳಲ್ಲಿ ಯಾವುದು ಹೆಚ್ಚೋ ಅದು. ಎರಡನೆಯ ಸರಾಸರಿಯನ್ನು ತೆಗೆಯುವಾಗ ಹಿಂದಿನ ಮೂರು ವರ್ಷಗಳಲ್ಲಿ ನೋಂದಣಿಯಾದ ಕ್ರಯಪತ್ರಗಳನ್ನು ನೋಡಿ, ಅವುಗಳಲ್ಲಿ ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೀಗೆ ಬಂದ ಮೌಲ್ಯವನ್ನು ಗ್ರಾಮೀಣ ಪ್ರದೇಶದಲ್ಲಿ ನಿಗದಿತ ಗುಣಾಂಕದಿಂದ ಗುಣಿಸಿ, ಜಮೀನಿಗೆ ಹೊಂದಿಕೊಂಡ ಮರ, ಕಟ್ಟಡಗಳ ಬೆಲೆಯನ್ನು ಸೇರಿಸಿ, ಆ ಒಟ್ಟಿನ ಮೇಲೆ ಶೇ 100 ಸೊಲೇಷಿಯಂ, ಅಂದರೆ ಒತ್ತಾಯದ ಸ್ವಾಧೀನಕ್ಕಾಗಿ ಕೊಡುವ ಹೆಚ್ಚುವರಿ ಹಣ, ಕೊಡಲಾಗುತ್ತದೆ. ಅಂದರೆ ಮೂಲ ಮೌಲ್ಯದಲ್ಲಿ ಬಿಟ್ಟುಹೋದ ಒಂದು ರೂಪಾಯಿ ಕೊನೆಯ ಪರಿಹಾರದಲ್ಲಿ ಕನಿಷ್ಠ ಎರಡು ರೂಪಾಯಿಯ ನಷ್ಟ.

ಈಗ ನೆನೆದು ನೋಡಿ: ಮೂರು ವರ್ಷ ಊರಿನ ಎಲ್ಲರೂ ಮಾರ್ಗಸೂಚಿ ದರವನ್ನಷ್ಟೇ ಬರೆಸಿದ್ದರೆ, ಆ ಸರಾಸರಿ ಎಲ್ಲಿಂದ ಮೇಲೆ ಬಂದೀತು? ನಮ್ಮ ಕುಟುಂಬದ ಒಂದು ತುಂಡು ಜಮೀನು ರಸ್ತೆಗೆ ಹೋದಾಗ ನಮಗೆ ತೋರಿಸಿದ ಪಟ್ಟಿಯಲ್ಲಿ ಪಕ್ಕದ ಹೊಲದ ಮಾರಾಟವೂ ಇತ್ತು. ಅದು ಎಷ್ಟಕ್ಕೆ ಹೋಗಿತ್ತು ಎಂಬುದು ನಮಗೆ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಹಣ ಎಣಿಸುವಾಗ ನಮ್ಮ ದೊಡ್ಡಪ್ಪನೇ ಸಾಕ್ಷಿಯಾಗಿ ಕುಳಿತಿದ್ದರು. ಪಟ್ಟಿಯಲ್ಲಿದ್ದುದು ಅದರ ಅರ್ಧಕ್ಕಿಂತ ಕಡಿಮೆ. ಎದುರಾಡಲು ನಮ್ಮ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಅಂದಿನಿಂದ ಈ ವಿಷಯ ನನ್ನನ್ನು ಬಿಟ್ಟಿಲ್ಲ.

ನಿಮ್ಮ ಜಮೀನಿನ ಸ್ವಾಧೀನ ನಡೆಯುತ್ತಿದ್ದರೆ, ಮೌಲ್ಯ ನಿಗದಿಗೆ ಯಾವ ಯಾವ ಕ್ರಯಪತ್ರಗಳನ್ನು ಪರಿಗಣಿಸಿದ್ದಾರೆ ಎಂಬ ಪಟ್ಟಿಯನ್ನು ಭೂಸ್ವಾಧೀನಾಧಿಕಾರಿಯವರಿಂದ ಲಿಖಿತವಾಗಿ ಕೇಳಿ. ಅದರಲ್ಲಿ ಮೇಲಿನ ಅರ್ಧವನ್ನೇ ತೆಗೆದುಕೊಂಡಿದ್ದಾರೆಯೇ, ನೀರಾವರಿ ಜಮೀನಿಗೆ ಖುಷ್ಕಿಯ ಪತ್ರಗಳನ್ನು ಹೋಲಿಸಿದ್ದಾರೆಯೇ, ಅಣ್ಣತಮ್ಮಂದಿರ ನಡುವಿನ ಹೆಸರಿಗೆ ಮಾತ್ರದ ಮಾರಾಟಗಳನ್ನು ಸೇರಿಸಿದ್ದಾರೆಯೇ ಎಂದು ಒಂದೊಂದಾಗಿ ನೋಡಿ. ಹೆಚ್ಚಿನ ಬೆಲೆಯ ಪತ್ರವೊಂದು ಬಿಟ್ಟುಹೋಗಿದ್ದರೆ ಅದರ ದೃಢೀಕೃತ ನಕಲನ್ನು ತೆಗೆಸಿ ಆಕ್ಷೇಪಣೆಯ ಜೊತೆಗಿಡಿ.

ಯಾವ ಪತ್ರಗಳ ಬೆಲೆಯನ್ನು ನಂಬಬಾರದು?

ದಾನಪತ್ರ, ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರಗಳಲ್ಲಿ ಕಾಣುವ ಮೊತ್ತ ಮಾರಾಟದ ಬೆಲೆಯಲ್ಲ. ನೆಂಟರ ನಡುವಿನ ಕ್ರಯಪತ್ರವನ್ನೂ ಬದಿಗಿಡಿ. ಹಳೆಯ ಕರಾರಿನ ಬೆಲೆಗೆ ಹಲವು ವರ್ಷಗಳ ಬಳಿಕ ನೋಂದಣಿಯಾದ ಪತ್ರಗಳೂ ದಾರಿ ತಪ್ಪಿಸುತ್ತವೆ. ಬ್ಯಾಂಕ್ ಸಾಲದಿಂದ ಕೊಂಡ ಪತ್ರಗಳು ಸಾಮಾನ್ಯವಾಗಿ ನಿಜಕ್ಕೆ ಹತ್ತಿರ ಇರುತ್ತವೆ. ಇಸಿಯಲ್ಲಿ ಕ್ರಯಪತ್ರದ ಹಿಂದೆಯೇ ಅದೇ ದಿನದ ಅಥವಾ ಒಂದೆರಡು ವಾರದ ಅಡಮಾನ ಕಂಡರೆ ಅಂಥ ಪತ್ರ ಎಂದು ತಿಳಿಯಬಹುದು.

ಇಸಿ ಬಿಟ್ಟರೆ ಬೇರೆ ಆಧಾರಗಳಿವೆಯೇ?

ಸ್ವಲ್ಪ ಇವೆ. ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ದೂಡಾದಂಥ ಸಂಸ್ಥೆಗಳು ಮೂಲೆ ನಿವೇಶನಗಳನ್ನು ಬಹಿರಂಗ ಹರಾಜಿನಲ್ಲಿ ಮಾರುವಾಗ ಬರುವ ಬೆಲೆ ಮುಚ್ಚುಮರೆಯಿಲ್ಲದ ಬೆಲೆ. ಹರಾಜಿನ ಹುರುಪಿನಲ್ಲಿ ಸ್ವಲ್ಪ ಏರಿರಬಹುದಾದರೂ, ಆ ಬಡಾವಣೆಯ ಮಟ್ಟ ತಿಳಿಯಲು ಉತ್ತಮ ಸೂಚನೆ. ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕುಗಳು ಹರಾಜು ಹಾಕುವಾಗ ಪತ್ರಿಕೆಗಳಲ್ಲಿ ಪ್ರಕಟಿಸುವ ಮೊತ್ತ ಕನಿಷ್ಠ ಬೆಲೆ ಮಾತ್ರ. ಜಾಹೀರಾತಿನಲ್ಲಿ ಕಾಣುವುದು ಕೇಳುವ ಬೆಲೆ; ಕೊಟ್ಟ ಬೆಲೆಯಲ್ಲ.

ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಮನೆ ಬೆಲೆ ಸೂಚ್ಯಂಕವನ್ನು ಪ್ರಕಟಿಸುತ್ತದೆ. ನೋಂದಣಿ ಕಚೇರಿಗಳ ದತ್ತಾಂಶವೇ ಅದರ ಆಧಾರ. ಬೆಂಗಳೂರು ಅದರಲ್ಲಿದೆ, ನಮ್ಮ ಊರುಗಳಿಲ್ಲ. ಬೆಂಗಳೂರಿನ ಏರಿಳಿತವನ್ನು ನೋಡಿ ನಿಟ್ಟುವಳ್ಳಿಯ ಮನೆಗೆ ಬೆಲೆ ಕಟ್ಟಲಾಗದು.

ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದೇ?

ಒಂದು ಪತ್ರದ ನಕಲಿಗೆ ನೋಂದಣಿ ಕಾಯ್ದೆಯಲ್ಲಿಯೇ ದಾರಿ ಇರುವುದರಿಂದ ಅದಕ್ಕಾಗಿ ಮಾಹಿತಿ ಹಕ್ಕು ಅರ್ಜಿ ಹಾಕಿದರೆ "ಶುಲ್ಕ ಕಟ್ಟಿ ಪಡೆಯಿರಿ" ಎಂಬ ಉತ್ತರವೇ ಬರುವ ಸಂಭವ ಹೆಚ್ಚು. ಈ ಕಾಯ್ದೆ ಉಪಯೋಗಕ್ಕೆ ಬರುವುದು ಬೇರೆ ಕಡೆ: ಮಾರ್ಗಸೂಚಿ ದರದ ಉಪಸಮಿತಿಯ ನಡಾವಳಿ, ಅದು ಪರಿಗಣಿಸಿದ ಮಾರಾಟಗಳ ತಖ್ತೆ, ಬಂದ ಆಕ್ಷೇಪಣೆಗಳು, ಭೂಸ್ವಾಧೀನದ ಐತೀರ್ಪಿಗೆ ಆಧಾರವಾದ ಮಾರಾಟಗಳ ಪಟ್ಟಿ. ಕಚೇರಿಯಲ್ಲಿ ಈಗಾಗಲೇ ದಾಖಲೆಯ ರೂಪದಲ್ಲಿ ಇರುವುದನ್ನೇ ಕೇಳಬೇಕು. ಹೊಸದಾಗಿ ಪಟ್ಟಿ ತಯಾರಿಸಿ ಕೊಡಿ ಎಂದರೆ ಅವರು ಕೊಡಬೇಕಾಗಿಲ್ಲ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಮಿತಿಯಲ್ಲಿರಬೇಕು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು.

ಎಲ್ಲರ ಬೆಲೆಯನ್ನೂ ಬಹಿರಂಗಪಡಿಸಿದರೆ ಖಾಸಗಿತನದ ಗತಿಯೇನು?

ಈ ಆತಂಕ ನ್ಯಾಯವಾದದ್ದು. ನೋಂದಾಯಿತ ಪತ್ರಗಳ ನಕಲುಗಳಲ್ಲಿದ್ದ ಹೆಬ್ಬೆರಳ ಗುರುತನ್ನು ಕದ್ದು, ಆಧಾರ್ ಆಧಾರಿತ ಪಾವತಿಯ ಮೂಲಕ ಜನರ ಖಾತೆಯಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ಬೆಂಗಳೂರಿನಲ್ಲಿ ವರದಿಯಾದವು. ಆ ಬಳಿಕ ಗುರುತುಗಳನ್ನು ಮರೆಮಾಡಿ ನಕಲು ಕೊಡಲು ಇಲಾಖೆ ಕ್ರಮ ಕೈಗೊಂಡಿತು. ಹಿರಿಯ ನಾಗರಿಕರೊಬ್ಬರು ಮನೆ ಮಾರಿ ಇಷ್ಟು ಹಣ ಕೈಯಲ್ಲಿಟ್ಟುಕೊಂಡಿದ್ದಾರೆ ಎಂಬುದು ಊರಿಗೆಲ್ಲ ತಿಳಿಯಬೇಕಾದ ಅಗತ್ಯವೂ ಇಲ್ಲ.

ಆದರೆ ಬೆಲೆಯನ್ನು ತಿಳಿಸಲು ಹೆಸರು ಬೇಕಾಗಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂ ನೋಂದಣಿ ಸಂಸ್ಥೆಯು 1995ರಿಂದ ಈಚೆಗೆ ನೋಂದಣಿಯಾದ ಮನೆ ಮಾರಾಟಗಳ ಬೆಲೆ, ದಿನಾಂಕ, ವಿಳಾಸ ಮತ್ತು ಮನೆಯ ಬಗೆಯನ್ನು ಉಚಿತವಾಗಿ ಪ್ರಕಟಿಸುತ್ತದೆ. ಕೊಂಡವರ, ಮಾರಿದವರ ಹೆಸರುಗಳು ಅದರಲ್ಲಿಲ್ಲ. ಫ್ರಾನ್ಸ್ 2019ರಿಂದ ಇದೇ ರೀತಿ ತೆರೆದಿದೆ, ಅಲ್ಲಿಯೂ ಹೆಸರುಗಳಿಲ್ಲ. ದೂರದ ಮಾತೇಕೆ, ಮಹಾರಾಷ್ಟ್ರದ ನೋಂದಣಿ ಇಲಾಖೆಯ ಜಾಲತಾಣದಲ್ಲಿ ದಸ್ತಾವೇಜುಗಳ ಸೂಚಿಯನ್ನು ಪ್ರತಿಫಲದ ಮೊತ್ತದ ಸಹಿತ ಹುಡುಕಿ ನೋಡಬಹುದು, ಮತ್ತು ತಮಿಳುನಾಡಿನಲ್ಲಿ ಋಣಭಾರ ವಿವರವನ್ನು ಆನ್‌ಲೈನಿನಲ್ಲಿ ಶುಲ್ಕವಿಲ್ಲದೆ ನೋಡಬಹುದು. ನಮ್ಮಲ್ಲಿ ಇಸಿಯೊಳಗೆ ಹೆಸರುಗಳೂ ಬೆಲೆಯೂ ಒಟ್ಟಿಗೆ ಬರುತ್ತವೆ, ಸಾರ್ವಜನಿಕರಿಗೆ ಬೇಕಾದ ಪಟ್ಟಿ ಮಾತ್ರ ಬರುವುದಿಲ್ಲ. ಇದು ತಿರುವುಮುರುವಾಗಬೇಕು: ಹೆಸರು ಮರೆಯಲ್ಲಿರಲಿ, ಬೆಲೆ ಬೆಳಕಿಗೆ ಬರಲಿ.

ಹಾಗಾದರೆ ನಮ್ಮಲ್ಲಿ ಏನು ಪ್ರಕಟವಾಗಬೇಕು?

ಬಹಳವೇನಲ್ಲ. ಗ್ರಾಮ ಅಥವಾ ಬಡಾವಣೆ, ಆಸ್ತಿಯ ಬಗೆ, ಅಳತೆ, ನೋಂದಣಿಯಾದ ತಿಂಗಳು, ಪ್ರತಿಫಲ, ಆ ದಿನದ ಮಾರ್ಗಸೂಚಿ ಮೌಲ್ಯ. ಪ್ರತಿ ಕ್ರಯಪತ್ರಕ್ಕೆ ಈ ಆರು ಅಂಕಣಗಳು ಸಾಕು. ಇವೆಲ್ಲವೂ ಕಾವೇರಿ ತಂತ್ರಾಂಶದೊಳಗೆ ಈಗಾಗಲೇ ಇರುವ ವಿವರಗಳು. ಸಾರ್ವಜನಿಕ ಸಂಸ್ಥೆಗಳು ಯಾರೂ ಕೇಳದೆಯೇ ಮಾಹಿತಿಯನ್ನು ಪ್ರಕಟಿಸುತ್ತ ಬರಬೇಕೆಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಎಪಿಎಂಸಿಯ ಧಾರಣೆಯನ್ನು ಪ್ರತಿದಿನ ಕೊಡಬಲ್ಲ ಸರ್ಕಾರಕ್ಕೆ ಜಮೀನಿನ ಧಾರಣೆಯನ್ನು ತಿಂಗಳಿಗೊಮ್ಮೆ ಕೊಡುವುದು ಕಷ್ಟವಾಗಲಾರದು.

ಪತ್ರಗಳಲ್ಲಿರುವ ಬೆಲೆಯೇ ಸುಳ್ಳಾಗಿದ್ದರೆ ಪ್ರಕಟಿಸಿ ಏನು ಫಲ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಇಷ್ಟು: ಬರೆದ ಬೆಲೆಯನ್ನು ಯಾರೂ ಓದದ ಕಾರಣದಿಂದಲೇ ಅದು ಸುಳ್ಳಾಗಿ ಉಳಿದಿದೆ. ಒಂದು ರಸ್ತೆಯ ಎಲ್ಲ ಪತ್ರಗಳು ಒಂದೇ ಪಟ್ಟಿಯಲ್ಲಿ ಕಂಡರೆ, ಬ್ಯಾಂಕ್ ಸಾಲದಲ್ಲಿ ಕೊಂಡವರ ಬೆಲೆಗೂ ಉಳಿದವರ ಬೆಲೆಗೂ ಇರುವ ಅಂತರ ಯಾರ ಕಣ್ಣಿಗಾದರೂ ಬೀಳುತ್ತದೆ.

ಮಾರ್ಗಸೂಚಿ ದರ ಪರಿಷ್ಕರಣೆಯಾಗುವಾಗ ನಾನು ಏನು ಮಾಡಬಹುದು?

ಕರಡು ದರಪಟ್ಟಿ ಪ್ರಕಟವಾದಾಗ ಸಲಹೆ, ಆಕ್ಷೇಪಣೆಗಳಿಗೆ ಕಾಲಾವಕಾಶವಿರುತ್ತದೆ. ಅವಧಿ ಚಿಕ್ಕದಾದ್ದರಿಂದ ಪತ್ರಿಕೆಯ ಪ್ರಕಟಣೆಯನ್ನೂ ಉಪನೋಂದಣಾಧಿಕಾರಿ ಕಚೇರಿಯ ಸೂಚನಾ ಫಲಕವನ್ನೂ ಗಮನಿಸುತ್ತಿರಬೇಕು. ಸಾಮಾನ್ಯವಾಗಿ ಬರುವ ಆಕ್ಷೇಪಣೆಗಳೆಲ್ಲ "ದರ ಹೆಚ್ಚಾಯಿತು, ಇಳಿಸಿ" ಎಂಬುವೇ. ನಿಮ್ಮ ಊರಿನ ಮೇಲೆ ಹೆದ್ದಾರಿಯೋ ಕಾಲುವೆಯೋ ಬರುವ ಸೂಚನೆ ಇದ್ದರೆ ಎರಡು ಸಲ ಯೋಚಿಸಿ, ದರ ಕಡಿಮೆ ಇದೆ ಎಂದೂ ಆಕ್ಷೇಪಣೆ ಸಲ್ಲಿಸಲು ಅವಕಾಶವಿದೆ. ಬರಿಯ ಮನವಿಗಿಂತ ಆಧಾರ ಮುಖ್ಯ: ಅದೇ ರಸ್ತೆಯ ಅಥವಾ ಅದೇ ಬಗೆಯ ಜಮೀನಿನ ಮೂರು ನಾಲ್ಕು ಕ್ರಯಪತ್ರಗಳ ದೃಢೀಕೃತ ನಕಲು, ನಗರಾಭಿವೃದ್ಧಿ ಪ್ರಾಧಿಕಾರದ ಹರಾಜಿನ ಬೆಲೆ, ನೀರಾವರಿ ಇರುವುದಕ್ಕೆ ಪಹಣಿ. ಅರ್ಜಿಯನ್ನು ಎರಡು ಪ್ರತಿಯಲ್ಲಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮುದ್ರೆಯನ್ನೂ ದಿನಾಂಕವನ್ನೂ ಹಾಕಿಸಿಕೊಂಡು ಮನೆಯಲ್ಲಿ ಕ್ರಯಪತ್ರಗಳ ಜೊತೆಯಲ್ಲಿಯೇ ಇಟ್ಟುಕೊಳ್ಳಿ.